ಮೇಸ್ತ್ರಿಯ ಪಿಟೀಲು

ಪಿಟೀಲು ಕೇಳುವ ಆಸೆಗೆ ನಾನು ಕಛೇರಿಗಳಿಗೆ ಹೋಗುವಂತೆಯೇ ಗೋವೆಯ ಹಳ್ಳಿ ಇಗರ್ಜಿಗಳಿಗೂ ಹೋಗುತ್ತೇನೆ. ಈ ಸಲ ಹೋದದ್ದು ಸಾಷ್ಟಿ ತಾಲ್ಲೂಕಿನ ಒಂದು ಊರಿಗೆ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ. ಭಾನುವಾರದ ಇಳಿಹೊತ್ತು. ಶಿಲುಬೆ ಹೊತ್ತ ಯೇಸುವಿನ ಮೂರ್ತಿಯ ಮೆರವಣಿಗೆ ಅಂಗಳದಲ್ಲಿ ನಿಂತಿತು. ಎರಡು ಪಿಟೀಲು, ಒಂದು ಕ್ಲಾರಿನೆಟ್, ಆಳೆತ್ತರದ ಒಂದು ಡಬಲ್ ಬಾಸ್, ಹಾಡಲು ಆರೇಳು ಮಂದಿ. ಹಿರಿಯ ಪಿಟೀಲುಗಾರರ ಪಕ್ಕದಲ್ಲೇ ನಿಂತಿದ್ದರಿಂದ ಅವರ ಮುಂದಿದ್ದ ಪುಸ್ತಕ ಚೆನ್ನಾಗಿ ಕಾಣುತ್ತಿತ್ತು. ಕೈಯಲ್ಲೇ ಎಳೆದ ಐದೈದು ಗೆರೆ, ಕಂದು ತಿರುಗಿದ ಮಸಿ. ಹಾಳೆ ಮಗುಚುವ ಮೂಲೆ ಬೆರಳಿನ ಜಿಡ್ಡಿಗೆ ಕಪ್ಪಾಗಿ, ಹಳೆಯ ಪಂಚೆಯಂತೆ ಮೆತ್ತಗಾಗಿತ್ತು. ಒಂದು ಕಡೆ ಮೇಣ ತೊಟ್ಟಿಕ್ಕಿ ಎರಡು ಸ್ವರ ಮುಚ್ಚಿಹೋಗಿದ್ದವು. ಆ ಜಾಗ ಬಂದಾಗ ಅವರು ಹಾಳೆಯತ್ತ ನೋಡಲೂ ಇಲ್ಲ, ಬೆರಳು ತಾನಾಗಿ ಅಲ್ಲಿಗೆ ಹೋಯಿತು.

ಈ ಹಾಡುಗಳನ್ನು ಮೊಟೆಟ್ ಎನ್ನುತ್ತಾರೆ. ಮಾತು ಹೆಚ್ಚಾಗಿ ಲ್ಯಾಟಿನ್, ಕೆಲವು ಕೊಂಕಣಿ. ಸ್ವರ ಹಾಕಿದವರು ಗೋವೆಯ ಹಳ್ಳಿಗಳ ಮೇಸ್ತ್ರಿಗಳು. ನಮ್ಮಲ್ಲಿ ಗೋಡೆ ಕಟ್ಟಿಸುವವರನ್ನು ಕರೆಯುತ್ತೇವಲ್ಲ, ಅದೇ ಪದ. ‘ಮೆಸ್ತ್ರೆ’ ಎಂಬ ಪೋರ್ಚುಗೀಸ್ ಮಾತು ಕನ್ನಡಕ್ಕೆ ಬಂದು ಗಾರೆ ಕೆಲಸಕ್ಕೆ ನಿಂತಿತು, ಗೋವೆಯಲ್ಲಿ ಸಂಗೀತಕ್ಕೂ ನಿಂತಿತು.

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದ ಕಾಲದ (1837–1901) ಹಳ್ಳಿ ಚರ್ಚುಗಳ ಕಥೆ ಓದಿದಾಗಲೆಲ್ಲ ನನಗೆ ಈ ಮೇಸ್ತ್ರಿಗಳ ನೆನಪಾಗುತ್ತದೆ. ಅಲ್ಲೂ ಒಂದು ಕಾಲಕ್ಕೆ ಊರಿನ ರೈತರು, ಕುಶಲಕರ್ಮಿಗಳು ಚರ್ಚಿನ ಅಟ್ಟದಲ್ಲಿ ಕೂತು ಪಿಟೀಲು, ಸೆಲ್ಲೋ, ಕ್ಲಾರಿನೆಟ್ ನುಡಿಸುತ್ತಿದ್ದರು. ಕಾದಂಬರಿಕಾರ ಥಾಮಸ್ ಹಾರ್ಡಿಯ ಅಜ್ಜ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ಸೆಲ್ಲೋ ನುಡಿಸುತ್ತಿದ್ದವರು, ತಂದೆ ಪಿಟೀಲು. ಹೊಸ ಪಾದ್ರಿಗಳಿಗೆ ಈ ಮೇಳ ಒರಟಾಗಿ ಕಂಡಿತು. ಒಂದೊಂದೇ ಊರಿನಲ್ಲಿ ಆರ್ಗನ್ನೋ ಹಾರ್ಮೋನಿಯಮ್ಮೋ ಬಂದು ಕೂತಿತು, ವಾದ್ಯಗಾರರು ಅಟ್ಟ ಇಳಿದು ಮನೆಗೆ ಹೋದರು. ಹಾರ್ಡಿ 1872ರಲ್ಲಿ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಪ್ರಕಟಿಸುವ ಹೊತ್ತಿಗೆ ಅದು ಮುಗಿದ ಲೋಕ. ಅದೇ ದಶಕಗಳಲ್ಲಿ ಗೋವೆಯ ಹಳ್ಳಿಗಳಲ್ಲಿ ಮೇಸ್ತ್ರಿಯ ಪಿಟೀಲು ಮುಂದಿನ ತಲೆಮಾರಿನ ಹುಡುಗರ ಕೈಗೆ ದಾಟುತ್ತಿತ್ತು. ಇಲ್ಲಿ ಪಿಟೀಲು ಉಳಿದದ್ದಕ್ಕೆ ಕಾರಣವನ್ನು ಭಕ್ತಿಯಲ್ಲಿ ಹುಡುಕುವವರುಂಟು. ನಾನು ಹುಡುಕುವುದು ಶಾಲೆಯಲ್ಲಿ, ಗದ್ದೆಯಲ್ಲಿ.

ಮೊದಲು ಗದ್ದೆಯ ಮಾತು. ಗೋವೆಯ ಹಳ್ಳಿಯ ಜಮೀನು ಆಗ ಗಾಂವಕಾರಿಯದಾಗಿತ್ತು, ಅಂದರೆ ಊರಿನ ಮೂಲ ಮನೆತನಗಳ ಒಕ್ಕೂಟದ್ದು. ಪೋರ್ಚುಗೀಸರು ಬರುವ ಮೊದಲೇ ಇದ್ದ ಈ ಪದ್ಧತಿಯನ್ನು 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಬರಹಕ್ಕಿಳಿಸಿದ. 1852ರಲ್ಲಿ ಫಿಲಿಪ್ ನೇರಿ ಶಾವಿಯೆರ್ ಇದರ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಗದ್ದೆಗಳನ್ನು ಹರಾಜಿನಲ್ಲಿ ಸಾಗುವಳಿಗೆ ಕೊಡುವುದು, ಬಂದ ಹಣದಲ್ಲಿ ಉಪ್ಪುನೀರು ನುಗ್ಗದಂತೆ ಕಟ್ಟೆ ಕಾಯುವುದು, ಸರ್ಕಾರಕ್ಕೆ ಕಂದಾಯ ಕಟ್ಟುವುದು, ಇಗರ್ಜಿಯ ಖರ್ಚು ನೋಡುವುದು. ಉಳಿದದ್ದು ‘ಝೋಣ್’ ಎಂದು ಗಾಂವಕಾರರಿಗೆ ಹಂಚಿಕೆ. ಇಗರ್ಜಿಯ ಖರ್ಚಿನಲ್ಲಿ ಮೇಸ್ತ್ರಿಯ ಸಂಬಳವೂ ಸೇರಿತ್ತು. ಊರಿನ ಭತ್ತವೇ ಊರಿನ ಪಿಟೀಲನ್ನು ಸಾಕಿತು.

ಆ ಭತ್ತದ ಹಿಂದೆ ಕೆಡವಿದ ದೇವಸ್ಥಾನಗಳ ಉಂಬಳಿ ಜಮೀನೂ ಇತ್ತು. 1736ರಲ್ಲಿ ಚರ್ಚಿನ ಧರ್ಮವಿಚಾರಣಾ ಮಂಡಳಿಯಾದ ಇನ್‌ಕ್ವಿಸಿಷನ್ ಹೊರಡಿಸಿದ ಶಾಸನ ಮತಾಂತರಗೊಂಡವರ ಮದುವೆಯ ಹಾಡು, ವಾದ್ಯಗಳ ಮೇಲೂ ಕೈಹಾಕಿತ್ತು. ಇಗರ್ಜಿಯ ಭ್ರಾತೃಸಂಘಗಳಲ್ಲಿ, ಅಂದರೆ ಕೊನ್‌ಫ್ರಾರಿಗಳಲ್ಲಿ, ಯಾವ ಜಾತಿಯವರು ಹಬ್ಬ ನಡೆಸಬೇಕೆಂಬ ಜಗಳ ತಲೆಮಾರುಗಟ್ಟಲೆ ನಡೆಯಿತು. ಪಿಟೀಲಿನ ಇಂಪಿಗೆ ಮನಸೋತ ನಾನು ಇದನ್ನು ಮರೆತರೆ ಕೇಳಿದ್ದು ಅರ್ಧವೇ ಆಗುತ್ತದೆ. ಅಷ್ಟೆಲ್ಲ ಆದಮೇಲೂ ಊರಿನ ತಾಳವಾದ್ಯ ಘುಮಟೆ ಸಾಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲೌಟೋಲಿಂ, ಕುಡ್ತರಿಯ ದೊಡ್ಡ ಮನೆಗಳ ಹಜಾರದಲ್ಲಿ ಮಾಂಡೊ ಎಂಬ ಕೊಂಕಣಿ ಹಾಡು ಹುಟ್ಟಿದಾಗ ಪಿಟೀಲಿನ ಪಕ್ಕದಲ್ಲಿ ಮಣ್ಣಿನ ಘುಮಟೆಯೇ ತಾಳ ಹಿಡಿಯಿತು.

ಇನ್ನು ಶಾಲೆ. ಇಗರ್ಜಿಗೆ ಅಂಟಿಕೊಂಡ ಶಾಲೆಯಲ್ಲಿ ಹುಡುಗ ಮೊದಲು ಧರ್ಮಪಾಠ ಒಪ್ಪಿಸಬೇಕಿತ್ತು, ಆಮೇಲೆ ದೊ ರೆ ಮಿ. ನಮ್ಮ ಸರಳೆ ವರಸೆಯ ಹಾಗೆ, ಆದರೆ ಕಣ್ಣಿನಿಂದ. ಗೆರೆಯ ಮೇಲಿನ ಚುಕ್ಕಿ ನೋಡುತ್ತ, ಕೈಯಲ್ಲಿ ತಾಳ ಬಿಡಿಸುತ್ತ, ಸ್ವರದ ಹೆಸರು ಹಿಡಿದು ಹಾಡಬೇಕಿತ್ತು. ಅದು ಸರಾಗವಾದ ಮೇಲೆಯೇ ಪಿಟೀಲು ಕೈಗೆ. ಬಡ ಕೃಷಿಕರ ಮಕ್ಕಳೂ ಹೀಗೆ ತಾವು ಎಂದೂ ಕೇಳದ ಸಂಗೀತವನ್ನು ಕಾಗದದಿಂದ ಓದುವುದನ್ನು ಕಲಿತರು. ಕಲಿತದ್ದು ಪೂಜೆಗಷ್ಟೇ ಮೀಸಲಾಗಿರಲಿಲ್ಲ. ಊರ ದಾರಿಯ ಶಿಲುಬೆಗಳ ಮುಂದೆ ಲದಾಯ್ನ್ ಪ್ರಾರ್ಥನೆಗೆ ಪಿಟೀಲು ಬೇಕು. ಅದು ಮುಗಿದ ಮೇಲೆ ಬೇಯಿಸಿದ ಕಡಲೆ, ದೊಡ್ಡವರಿಗೆ ಒಂದು ಗುಟುಕು ಫೆನಿ. ನುಡಿಸುವ ಕೈಗೆ ವರ್ಷವಿಡೀ ಕೆಲಸ.

ಮೇಸ್ತ್ರಿ ಕಲಿಸುವವನಷ್ಟೇ ಅಲ್ಲ, ಹೊಸದನ್ನು ಕಟ್ಟುವವನೂ ಹೌದು. ಸಂತ ಫ್ರಾನ್ಸಿಸ್ ಝೇವಿಯರ್ ಮೇಲಿನ, ಗೋವೆಯವರೆಲ್ಲ ಬಲ್ಲ ಕೊಂಕಣಿ ಸ್ತುತಿಯ ಕರ್ತೃ ರೈಮುಂದೊ ಬಾರೆತೊ, ಲೌಟೋಲಿಂನವರು. ಎಷ್ಟೋ ಮೊಟೆಟ್‌ಗಳಲ್ಲಿ ಮಾತ್ರ ಹೆಸರಿಲ್ಲ. ಒರ್ಲಿಂನ ಮಿಕಾಯೆಲ್ ಮಾರ್ತಿನ್ಸ್ (1914–1999) ಇಂಥ ಮೊಟೆಟ್‌ಗಳನ್ನೂ ಮಾಂಡೊಗಳನ್ನೂ ಸಂಗ್ರಹಿಸಿದರು. ಅವರ ಋಣ ನನ್ನಂಥ ಕೇಳುಗರ ಮೇಲೆ ದೊಡ್ಡದು.

ಗದ್ದೆ ಸಾಲದಾದಾಗ ಹುಡುಗರು ಹಡಗು ಹತ್ತಿ ಮುಂಬಯಿಗೆ ಹೋದರು. ಧೋಬಿ ತಲಾವ್ ಸುತ್ತಮುತ್ತ ಊರೂರಿನವರು ತಮ್ಮ ‘ಕೂಡ್’ ಕಟ್ಟಿಕೊಂಡರು. ಟ್ರಂಕಿಡಲು ಜಾಗ, ಮಲಗಲು ಚಾಪೆ, ಗೋಡೆಗೆ ಊರ ಸಂತನ ಪೀಠ, ರಾತ್ರಿ ತಪ್ಪದೆ ಜಪಸರ. ಟ್ರಂಕಿನ ಜೊತೆ ಪಿಟೀಲು ತಂದವರಿಗೆ ಬ್ಯಾಂಡುಗಳಲ್ಲಿ, ಮೂಕಿ ಚಿತ್ರದ ಪರದೆಯ ಬುಡದಲ್ಲಿ, ಆಮೇಲೆ ಧ್ವನಿಮುದ್ರಣದ ಕೋಣೆಗಳಲ್ಲಿ ಕೆಲಸ ಸಿಕ್ಕಿತು. ಎಷ್ಟೋ ಸಂಗೀತ ನಿರ್ದೇಶಕರು ಹಾಡಿ ತೋರಿಸುತ್ತಿದ್ದರು, ಅದನ್ನು ಐದು ಗೆರೆಯ ಮೇಲೆ ಬರೆದು ವಾದ್ಯಮೇಳಕ್ಕೆ ಹಂಚುತ್ತಿದ್ದವರು ಈ ಹಳ್ಳಿ ಶಾಲೆಯ ಮಕ್ಕಳು. ಮಜೋರ್ಡಾದ ಇಗರ್ಜಿಯಲ್ಲಿ ಗಾನಮೇಳ ನಡೆಸುತ್ತಿದ್ದವರ ಮಗ ಆಂಥೋನಿ ಗೊನ್ಸಾಲ್ವಿಸ್. 1927ರಲ್ಲಿ ಹುಟ್ಟಿದವರು, ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದವರು. 1977ರ ‘ಅಮರ್ ಅಕ್ಬರ್ ಆಂಥೋನಿ’ಯಲ್ಲಿ ಅಮಿತಾಭ್ ಮೊಟ್ಟೆಯೊಡೆದು ಬಂದು ಹೇಳುವ ಹೆಸರು ಅವರದೇ, ಆ ಚಿತ್ರಕ್ಕೆ ಸಂಗೀತ ಕೊಟ್ಟ ಜೋಡಿಯಲ್ಲೊಬ್ಬನಾದ ಶಿಷ್ಯನ ಗುರುಕಾಣಿಕೆ. ಅದೇ ಗೊನ್ಸಾಲ್ವಿಸ್ 1958ರಲ್ಲಿ ಮುಂಬಯಿಯಲ್ಲಿ ಒಂದು ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ನಮ್ಮ ರಾಗಗಳನ್ನು ಆ ದೊಡ್ಡ ಮೇಳಕ್ಕೆ ಬರೆದರು.

ಓದುಗರಲ್ಲಿ ಯಾರಿಗಾದರೂ ಕೇಳುವ ಮನಸ್ಸಾದರೆ ಕಾರವಾರದಿಂದ ಮಡಗಾಂವ್‌ಗೆ ರೈಲಿದೆ. ಉಪವಾಸದ ಭಾನುವಾರಗಳಲ್ಲಿ ಯಾವ ಊರಲ್ಲಿ ಮೆರವಣಿಗೆ ಎಂದು ವಿಚಾರಿಸಿ, ಬಿಸಿಲು ಇಳಿಯುವ ಮುಂಚೆ ಹೋಗಿ, ಡಬಲ್ ಬಾಸ್ ಹತ್ತಿರ ನಿಲ್ಲಿ. ಅದರ ಕೆಳಗಿನ ಸ್ವರ ಅಂಗಳದ ಕಲ್ಲುಹಾಸಿನಿಂದ ಪಾದಕ್ಕೆ ಹತ್ತುತ್ತದೆ. ನಾನು ಹೋದ ಊರಿನಲ್ಲಿ ಎರಡನೆಯ ಪಿಟೀಲು ಹಿಡಿದಿದ್ದವಳು ಹನ್ನೆರಡರ ಹುಡುಗಿ. ಹಾಡು ಮುಗಿದಾಗ ಹಿರಿಯರು ಆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು.