ಊಟದ ಮೇಜಿನ ನಗು

ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ (1916) ಕಾದಂಬರಿಯನ್ನು ಬಂಡಾಯದ ಕಥೆಯೆಂದು ಓದುವುದು ರೂಢಿ. ಕ್ಯಾಥೊಲಿಕ್ ಪಾದ್ರಿಗಳ ಕೈಯಲ್ಲಿ ಬೆಳೆದ ಸ್ಟೀಫನ್ ಡೆಡಾಲಸ್ ಕೊನೆಗೆ ಮನೆ, ದೇಶ, ಧರ್ಮ ಮೂರನ್ನೂ ಬಿಟ್ಟು ಹೊರಡುತ್ತಾನೆ, ನಿಜ. ಆದರೆ ಕಾದಂಬರಿಯನ್ನು ಮತ್ತೆ ಓದಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು: ಅವನು ಹೊತ್ತು ಹೊರಟ ಬುತ್ತಿಯನ್ನು ಕಟ್ಟಿಕೊಟ್ಟದ್ದು ಆ ಶಾಲೆಗಳೇ.

ಶಾಲೆಗಳು ಎರಡು. ಮೊದಲನೆಯದು ಕಿಲ್ಡೇರ್ ಸೀಮೆಯ ಕ್ಲಾಂಗೋಸ್ ವುಡ್. ಐರ್ಲೆಂಡಿನ ಜೆಸ್ವಿಟ್ ಪಾದ್ರಿಗಳು 1814ರಲ್ಲಿ ಹಳೆಯ ಕೋಟೆಮನೆಯೊಂದರಲ್ಲಿ ತೆರೆದ ಗಂಡುಮಕ್ಕಳ ವಸತಿಶಾಲೆ ಅದು. ಜಾಯ್ಸ್ 1888ರಲ್ಲಿ, ಆರು ದಾಟಿದ ಹುಡುಗನಾಗಿ, ಅಲ್ಲಿಗೆ ಸೇರಿದ. 1891ರಲ್ಲಿ ತಂದೆಯ ಕೈ ಬರಿದಾಗಿ ಶಾಲೆ ಬಿಡಬೇಕಾಯಿತು. 1893ರಲ್ಲಿ, ಕ್ಲಾಂಗೋಸ್‌ನಲ್ಲಿ ಹಿಂದೆ ರೆಕ್ಟರ್ ಆಗಿದ್ದ ಫಾದರ್ ಜಾನ್ ಕಾನ್ಮಿಯ ನೆರವಿನಿಂದ, ಅದೇ ಪಾದ್ರಿಗಳ ಡಬ್ಲಿನ್ ಶಾಲೆ ಬೆಲ್ವೆಡೇರ್‌ನಲ್ಲಿ ಶುಲ್ಕವಿಲ್ಲದೆ ಸೀಟು ಸಿಕ್ಕಿತು.

ಕಾದಂಬರಿಯ ಕ್ಲಾಂಗೋಸ್‌ನಲ್ಲಿ ಎಲ್ಲಕ್ಕೂ ಒಂದು ಪದ್ಧತಿ ಇದೆ. ಲೆಕ್ಕದ ತರಗತಿಯನ್ನು ಯಾರ್ಕ್, ಲ್ಯಾಂಕಾಸ್ಟರ್ ಎಂದು ಎರಡು ಪಾಳೆಯ ಮಾಡಿ, ಹುಡುಗರ ಎದೆಗೆ ಬಿಳಿ ಗುಲಾಬಿ, ಕೆಂಪು ಗುಲಾಬಿಯ ಬಿಲ್ಲೆ ಸಿಕ್ಕಿಸುತ್ತಾರೆ. ಸ್ಟೀಫನ್‌ಗೆ ಲೆಕ್ಕ ಬರುವುದಿಲ್ಲ. ಆದರೆ ಅವನ ಮನಸ್ಸು ಗುಲಾಬಿಯ ಬಣ್ಣಗಳ ಹಿಂದೆ ಹೋಗುತ್ತದೆ. ಹಸಿರು ಗುಲಾಬಿ ಎಲ್ಲಾದರೂ ಇರಬಹುದೇ ಎಂದು ಯೋಚಿಸುತ್ತದೆ. ಪೈಪೋಟಿಗೆಂದು ಶಾಲೆ ಕೊಟ್ಟ ಬಿಲ್ಲೆ ಅವನಿಗೆ ಕಲ್ಪನೆಯ ಸಾಮಗ್ರಿಯಾಗುತ್ತದೆ.

ಇನ್ನೊಂದು ಪದ್ಧತಿ ಪ್ಯಾಂಡಿಬ್ಯಾಟ್, ಅಂಗೈಗೆ ಹೊಡೆಯುವ ಚರ್ಮದ ಪಟ್ಟಿ. ಸ್ಟೀಫನ್‌ನ ಕನ್ನಡಕ ಒಡೆದಿರುವುದರಿಂದ ಲ್ಯಾಟಿನ್ ಕಲಿಸುವ ಫಾದರ್ ಆರ್ನಲ್ ಅವನಿಗೆ ಬರೆಯುವುದರಿಂದ ವಿನಾಯಿತಿ ಕೊಟ್ಟಿರುತ್ತಾರೆ. ತಪಾಸಣೆಗೆ ಬಂದ ಫಾದರ್ ಡೋಲನ್ ಇದನ್ನು ಕೇಳಿಯೂ ಹುಡುಗ ನಾಟಕವಾಡುತ್ತಿದ್ದಾನೆಂದು ಎರಡೂ ಕೈಗೆ ಬಾರಿಸುತ್ತಾರೆ. ಆರ್ನಲ್ ಇದ್ದದ್ದನ್ನು ಹೇಳುತ್ತಾರೆ, ಆದರೆ ತಡೆಯುವುದಿಲ್ಲ. ಉರಿಯುವ ಕೈಗಳು ತನ್ನವಲ್ಲ, ಬೇರೆ ಯಾರವೋ ಎಂಬಂತೆ ಹುಡುಗ ಅವುಗಳಿಗಾಗಿ ಮರುಗುತ್ತಾನೆ.

ಊಟದ ನಂತರ ಅವನು ದೂರು ಹೇಳಲು ರೆಕ್ಟರ್ ಕೋಣೆಯತ್ತ ಹೊರಡುತ್ತಾನೆ. ಕತ್ತಲು ಕವಿದ ಓಣಿಯ ಗೋಡೆಯ ಮೇಲೆ ಜೆಸ್ವಿಟ್ ಸಂತರ ಪಟಗಳು: ಲೊಯೊಲಾದ ಇಗ್ನೇಷಿಯಸ್, ಫ್ರಾನ್ಸಿಸ್ ಕ್ಸೇವಿಯರ್, ಎಳೆಯರ ಪಾಲಕರಾದ ಕೋಸ್ಟ್ಕಾ, ಬರ್ಕ್‌ಮನ್ಸ್, ಅಲೋಶಿಯಸ್ ಗೊನ್ಝಾಗ. ಮಂಗಳೂರಿನಲ್ಲಿ ಇದೇ ಪಾದ್ರಿಗಳು 1880ರಲ್ಲಿ ತೆರೆದ ವಿದ್ಯಾಸಂಸ್ಥೆಗೆ ಇಟ್ಟದ್ದೂ ಈ ಅಲೋಶಿಯಸ್‌ನ ಹೆಸರನ್ನೇ; ಜಾಯ್ಸ್ ದೃಢೀಕರಣ ಸಂಸ್ಕಾರದಲ್ಲಿ ಆರಿಸಿಕೊಂಡದ್ದೂ ಅದನ್ನೇ. ಇಡೀ ಪರಂಪರೆ ಗೋಡೆಯ ಮೇಲಿಂದ ನೋಡುತ್ತಿರುವಾಗ ಪುಟ್ಟ ಹುಡುಗನೊಬ್ಬ ನ್ಯಾಯ ಕೇಳಲು ನಡೆದುಹೋಗುತ್ತಾನೆ. ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯದ ಕೆಲಸ ನನಗೆ ಕಂಡಿಲ್ಲ.

ಅವನು ಗೆಲ್ಲುತ್ತಾನೆ. ರೆಕ್ಟರ್ ಮೃದುವಾಗಿ ಮಾತಾಡಿ ಕಳಿಸುತ್ತಾರೆ, ಗೆಳೆಯರು ಎತ್ತಿ ಮೆರೆಸುತ್ತಾರೆ. ಜಾಯ್ಸ್ ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಒಳ್ಳೆಯ ಶಾಲಾ ಕಥೆಯಾಗುತ್ತಿತ್ತು, ಅಷ್ಟೆ. ಮುಂದಿನ ಅಧ್ಯಾಯದಲ್ಲಿ ಸ್ಟೀಫನ್‌ನ ತಂದೆ ಮನೆಯಲ್ಲಿ ಒಂದು ಸುದ್ದಿ ಹೇಳುತ್ತಾನೆ: ರೆಕ್ಟರ್ ಆ ಪ್ರಸಂಗವನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿದ್ದರಂತೆ, ಡೋಲನ್ ಸಹಿತ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಹುಡುಗ ಪ್ರಾಣ ಪಣಕ್ಕಿಟ್ಟಂತೆ ಮಾಡಿದ ಪ್ರತಿಭಟನೆ ಶಾಲೆಗೆ ಒಂದು ತಮಾಷೆ. ಹಳೆಯ ಶಾಲೆಗಳ ಶಕ್ತಿ ಇರುವುದು ಪಟ್ಟಿಯ ಏಟಿಗಿಂತ ಹೆಚ್ಚಾಗಿ ಈ ನಗುವಿನಲ್ಲಿ. ಏಟನ್ನು ಎದುರಿಸಬಹುದು, ಪ್ರೀತಿಯಿಂದ ನಗುವವರನ್ನು ಎದುರಿಸುವುದು ಹೇಗೆ?

ಉತ್ತರವೂ ಶಾಲೆಯ ಪದ್ಧತಿಯೊಂದರಲ್ಲೇ ಇದೆ. ಬೆಲ್ವೆಡೇರ್‌ನಲ್ಲಿ ಸಂತ ಕ್ಸೇವಿಯರ್‌ನ ಹಬ್ಬಕ್ಕೆ ಮುಂಚೆ ಧ್ಯಾನಕೂಟ ನಡೆಯುತ್ತದೆ. ಗೋವಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಅದೇ ಕ್ಸೇವಿಯರ್. ಪ್ರವಚನಕ್ಕೆ ಬರುವವರು ಅದೇ ಆರ್ನಲ್. ಇಗ್ನೇಷಿಯಸ್ ಹಾಕಿಕೊಟ್ಟ ಕ್ರಮದಲ್ಲಿ ನರಕವನ್ನು ಬರಿದೇ ನಂಬಿದರೆ ಸಾಲದು. ಕಣ್ಣಲ್ಲಿ ಕಾಣಬೇಕು, ಕಿವಿಯಲ್ಲಿ ಕೇಳಬೇಕು, ಮೂಗು, ನಾಲಿಗೆ, ಚರ್ಮಕ್ಕೆ ತಾಕಿಸಿಕೊಳ್ಳಬೇಕು. ಇದು ಕಾದಂಬರಿಕಾರನ ಅಭ್ಯಾಸವಲ್ಲದೆ ಇನ್ನೇನು? ಈ ಪುಸ್ತಕದ ಮೊದಲ ಪುಟದಲ್ಲೇ ಮಗು ಜಗತ್ತನ್ನು ಅರಿಯುವುದು ಪಂಚೇಂದ್ರಿಯಗಳಿಂದ. ನರಕ ತೋರಿಸಲು ಪಾದ್ರಿಗಳು ಕಲಿಸಿದ ಕ್ರಮದಿಂದಲೇ ಜಾಯ್ಸ್ ಡಬ್ಲಿನ್ ತೋರಿಸಿದ.

ಸ್ಟೀಫನ್ ಹುಡುಗಿಯೊಬ್ಬಳಿಗೆ ಕವಿತೆ ಬರೆಯಲು ಕೂತಾಗಲೂ ಹಾಳೆಯ ತುದಿಗೆ ಕೈ ತಾನಾಗಿ ‘ಎ.ಎಂ.ಡಿ.ಜಿ.’ ಎಂದು ಬರೆಯುತ್ತದೆ. ದೇವರ ಹೆಚ್ಚಿನ ಮಹಿಮೆಗಾಗಿ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳವು. ಬೆಲ್ವೆಡೇರ್‌ನಲ್ಲಿ ಜಾಯ್ಸ್ ಬರೆದು ಇಂದಿಗೂ ಉಳಿದಿರುವ ಪ್ರಬಂಧದ ಮೇಲೂ ಅವೇ ಇವೆ.

ಶಾಲೆಗಳು ಈಗ ಜಾಯ್ಸ್‌ನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತವೆ. ಅವನ ಶಾಲಾದಿನಗಳ ಕುರಿತು 1982ರಲ್ಲಿ ಶ್ರದ್ಧೆಯಿಂದ ಪುಸ್ತಕ ಬರೆದ ಬ್ರೂಸ್ ಬ್ರಾಡ್ಲಿ ಸ್ವತಃ ಜೆಸ್ವಿಟ್ ಪಾದ್ರಿ. ಇದು ಔದಾರ್ಯವೂ ಹೌದು, ಆ ಊಟದ ಮೇಜಿನ ದೂರದ ಪ್ರತಿಧ್ವನಿಯೂ ಹೌದು. ಮೇಜಿನ ಸುತ್ತ ಕೂತವರು ಕಥೆ ಹೇಳಿದಾಗ ಹುಡುಗನ ಕೈಗಳು ಅದರಲ್ಲಿ ಇರಲಿಲ್ಲ. ಜಾಯ್ಸ್ ಅದೇ ಕಥೆಯನ್ನು ಆ ಕೈಗಳಿಂದಲೇ ಶುರುಮಾಡಿದ. ಅದನ್ನು ಓದಿದ ಮೇಲೆ ನಗುವುದು ಕಷ್ಟ.