ಯಮುನೆಯ ಹಕ್ಕಿಪಟ್ಟಿಯಲ್ಲಿ ನೀರಿಗೆ ಜಾಗವಿಲ್ಲ

ಚಳಿಗಾಲ ಬಂತೆಂದರೆ ದೆಹಲಿಯ ಯಮುನಾ ಘಾಟ್‌ನ ದೋಣಿಯವರಿಗೆ ಬಿಡುವಿಲ್ಲ. ಉತ್ತರದ ಶೀತನಾಡುಗಳಿಂದ ಬಂದಿಳಿದ ಸೀಗಲ್‌ಗಳತ್ತ ಯಾರಾದರೂ ಸೇವು ಎರಚಿದರೆ ಸಾಕು, ಇಡೀ ಗುಂಪು ಮೇಲೇಳುತ್ತದೆ, ಕ್ಯಾಮೆರಾಗಳು ಚುರುಕಾಗುತ್ತವೆ. ಅದೇ ನದಿಯ ಕೆಳದಂಡೆಯ ಓಖ್ಲಾ ಪಕ್ಷಿಧಾಮದಲ್ಲಿ ಬೈನಾಕ್ಯುಲರ್ ಹಿಡಿದವರು ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಸದ್ದಿಲ್ಲದೆ ಪಟ್ಟಿ ತುಂಬುತ್ತಿರುತ್ತಾರೆ. ಮೊದಲನೆಯದನ್ನು ತೂಗಿ ನೋಡುವಂಥದ್ದೇನಿಲ್ಲ. ಕರಿದ ತಿಂಡಿ ತೋರಿಸಿ ಹಕ್ಕಿ ಹಾರಿಸುವುದು ಫೋಟೊದ ಹಂಬಲ, ಅಷ್ಟೇ. ವಿಮರ್ಶೆಗೆ ಯೋಗ್ಯವಾದದ್ದು ಎರಡನೆಯದು.

ಈ ಪಟ್ಟಿಯ ದೊಡ್ಡ ಗುಣ ಅದರ ಶಿಸ್ತು. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂದು ಅದು ಕೇಳುತ್ತದೆ. ಗುರುತಿಸಿದ್ದೆಲ್ಲವನ್ನೂ ಬರೆದಿದ್ದೀರಾ ಎಂದೂ ಕೇಳುತ್ತದೆ. ಹೀಗಾಗಿ ಕಾಗೆ, ಗೊರವಂಕಗಳಿಗೂ ಅಪರೂಪದ ಅತಿಥಿಯಷ್ಟೇ ಮರ್ಯಾದೆ. 30,000ಕ್ಕೂ ಹೆಚ್ಚು ಹವ್ಯಾಸಿಗಳು ಹೀಗೆ ಕೂಡಿಸಿದ ದಾಖಲೆಗಳ ಬಲದಿಂದಲೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಗತಿ ಅಳೆಯಲು ಹೊರಟಿತು. ಸಂಬಳದ ಸಿಬ್ಬಂದಿಯಿಂದ ಆಗದ ಕೆಲಸವಿದು.

ಆದರೆ ನಗರದ ನದಿಯ ಮುಂದೆ ಈ ಶಿಸ್ತು ಅರ್ಧಕ್ಕೇ ನಿಲ್ಲುತ್ತದೆ. ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿ.ಮೀ. ಯಮುನೆ, 1,376 ಕಿ.ಮೀ. ಉದ್ದದ ನದಿಯಲ್ಲಿ ಶೇ. 2ರಷ್ಟೂ ಅಲ್ಲ, ನದಿ ಹೊರುವ ಕೊಳೆಯ ಬಹುಪಾಲು ಸೇರುವುದು ಮಾತ್ರ ಇಲ್ಲೇ. ವಜೀರಾಬಾದ್ ಅಣೆಕಟ್ಟು ದಾಟುತ್ತಲೇ ನಜಫ್‌ಗಢ ನಾಲೆ ಬಂದು ಕೂಡುತ್ತದೆ. ಆಮ್ಲಜನಕ ಬತ್ತಿದ ಕೆಸರಿನಲ್ಲೂ ಕೆಲವು ಕೆಂಪು ಹುಳುಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ಹೆಕ್ಕಲು ಮೆಟ್ಟುಗಾಲು ಹಕ್ಕಿಗಳು ನೆರೆಯುತ್ತವೆ. ಪಟ್ಟಿಯಲ್ಲಿ ಅವು ನೂರಾದರೆ ನೋಡುಗ ಹಿಗ್ಗುತ್ತಾನೆ. ಆ ನೂರು ಚರಂಡಿಯ ಲೆಕ್ಕವೂ ಆಗಿರಬಹುದು. ಮೇಲಿನಿಂದ ಮೀನು ಕಂಡು ಧುಮುಕಬೇಕಾದ ಮಿಂಚುಳ್ಳಿಗೆ ತಿಳಿನೀರು ಬೇಕು. ಎರಡು ಹಕ್ಕಿಗಳನ್ನೂ ಕೂಡಿಸಿ ಒಟ್ಟು ಸಂಖ್ಯೆ ಹೇಳಿದರೆ ನದಿಯ ಆರೋಗ್ಯದ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಓಖ್ಲಾ ಬಳಿಯ ಕಾಳಿಂದಿ ಕುಂಜ್‌ನಲ್ಲಿ ನದಿಯ ಮೇಲೆ ತೇಲುವ ಬಿಳಿನೊರೆಯ ಪಕ್ಕದಲ್ಲೇ ನಿಂತು ಬರೆದ ಪಟ್ಟಿಯಲ್ಲೂ ನೊರೆಯ ಸುಳಿವಿರುವುದಿಲ್ಲ.

ಋತುವಿನ ಪಕ್ಷಪಾತವೂ ಸಣ್ಣದಲ್ಲ. ವಲಸೆ ಬಾತುಗಳಿರುವ ಜನವರಿಯಲ್ಲಿ ದಂಡೆಯ ತುಂಬ ಜನ. ಬೇಸಗೆಗೆ ಅವರೆಲ್ಲ ಚದುರುತ್ತಾರೆ. ಹೊಳೆ ರೀವದಂಥ ಹಕ್ಕಿಗಳು ಮರಳದಿಬ್ಬದ ಮೇಲೆ ಮೊಟ್ಟೆಯಿಡುವುದು ಆಗಲೇ. ದಿಬ್ಬಕ್ಕೆ ನಾಯಿ ನುಗ್ಗಿದರೂ, ಅಣೆಕಟ್ಟಿನಿಂದ ದಿಢೀರನೆ ನೀರು ಬಿಟ್ಟರೂ ಗೂಡು ಹೋಯಿತು. ಅತಿಥಿಯನ್ನು ಎಣಿಸುವಷ್ಟು ಶ್ರದ್ಧೆಯಿಂದ ಮನೆಯವರ ಬಾಣಂತನವನ್ನು ನಾವು ಗಮನಿಸಿಲ್ಲ.

ಈ ಕೊರತೆ ತುಂಬಲು ಹೊಸ ಆ್ಯಪ್ ಏನೂ ಬೇಕಿಲ್ಲ. ಇ-ಬರ್ಡ್ ಪಟ್ಟಿಯಲ್ಲೇ ಟಿಪ್ಪಣಿಗೆ ಜಾಗವಿದೆ: ನೀರಿನ ಬಣ್ಣ, ವಾಸನೆ, ನೊರೆ, ಸತ್ತ ಮೀನು, ಒತ್ತುವರಿಯಾದ ದಿಬ್ಬ, ಎಲ್ಲವನ್ನೂ ಅಲ್ಲಿ ಬರೆಯಬಹುದು. ಒಂದೇ ಕಿಲೋಮೀಟರನ್ನು ಮೇ ತಿಂಗಳಲ್ಲೂ ನಡೆದು ನೋಡಬಹುದು. ಹಾಗೆ ಮಾಡುವವರೆಗೆ ಯಮುನಾ ದಂಡೆಯ ಪಕ್ಷಿವೀಕ್ಷಣೆ ಹಕ್ಕಿಗಳ ಮಟ್ಟಿಗೆ ನಂಬಬಹುದಾದ ದಾಖಲೆ. ನದಿಯ ಪರವಾಗಿ ಸಾಕ್ಷಿ ನುಡಿಯುವ ಅರ್ಹತೆಯನ್ನು ಅದಿನ್ನೂ ಸಂಪಾದಿಸಬೇಕಾಗಿದೆ.