ಬೇಲಿ ಕಂಬದ ಗುಂಡಿ: ಪಾಠ ಬಿಟ್ಟುಬಿಟ್ಟ ಭೌತವಿಜ್ಞಾನ

ಹಾರೆ ಯಾವ ವರ್ಗದ ಸನ್ನೆ? ಶಿಕ್ಷಕರಾಗಿ ಈ ಪ್ರಶ್ನೆಯನ್ನು ನೀವು ಕೇಳಿದ್ದೀರಿ, ವಿದ್ಯಾರ್ಥಿಯಾಗಿ ಉತ್ತರಿಸಿದ್ದೀರಿ. ‘ಒಂದನೇ ವರ್ಗ’ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ರಾಯಚೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ ಹಿತ್ತಲಿಗೆ ಬೇಲಿ ಹಾಕುವುದನ್ನು ಹತ್ತು ನಿಮಿಷ ನಿಂತು ನೋಡಿ. ಹಾರೆ ಹಿಡಿದವರು ಅದನ್ನು ಎತ್ತುತ್ತಾರೆ, ನೇರವಾಗಿ ಕುಕ್ಕುತ್ತಾರೆ, ಮತ್ತೆ ಎತ್ತುತ್ತಾರೆ. ಕಲ್ಲು ಮೀಟುವಾಗ ಮಾತ್ರ ಅದು ಸನ್ನೆ. ಉಳಿದ ಹೊತ್ತೆಲ್ಲ ಅದು ಚಲನಶಕ್ತಿಯನ್ನು ಮಣ್ಣಿಗೆ ಸಾಗಿಸುವ ಸಾಧನ.

‘ಸರಳ ಯಂತ್ರಗಳು’ ಪಾಠ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ಆಕ್ಷೇಪ. ಉಳಿದ ಅರ್ಧವನ್ನು ಯಂತ್ರ ಮಾರುವವರ ಜಾಹೀರಾತು ತುಂಬುತ್ತದೆ: ಇಷ್ಟು ಅಶ್ವಸಾಮರ್ಥ್ಯ, ನಿಮಿಷಕ್ಕೆ ಇಷ್ಟು ಗುಂಡಿ. ಪಾಠವೂ ಜಾಹೀರಾತೂ ಮರೆತಿರುವುದು ಒಂದನ್ನೇ, ಮಣ್ಣನ್ನು.

ಸರಿಯಾದ ಲೆಕ್ಕ, ಅಪೂರ್ಣ ಉತ್ತರ

75 ಸೆಂ.ಮೀ. ಆಳ, 25 ಸೆಂ.ಮೀ. ವ್ಯಾಸದ ಗುಂಡಿಯೊಂದನ್ನು ತೆಗೆದುಕೊಳ್ಳಿ. ಅದರ ಗಾತ್ರ ಸುಮಾರು 37 ಲೀಟರ್. ಘನಮೀಟರಿಗೆ 1,700 ಕಿ.ಗ್ರಾಂ. ಎಂದು ಹಿಡಿದರೆ ಹೊರಬರುವ ಮಣ್ಣು 63 ಕಿ.ಗ್ರಾಂ. ಅದನ್ನು ಸರಾಸರಿ 37.5 ಸೆಂ.ಮೀ. ಮೇಲೆತ್ತಲು ಬೇಕಾದ ಕೆಲಸ ಸುಮಾರು 230 ಜೂಲ್. 60 ವಾಟಿನ ಬಲ್ಬು ನಾಲ್ಕು ಸೆಕೆಂಡಿನಲ್ಲಿ ಬಳಸುವ ಶಕ್ತಿ ಇಷ್ಟೇ! ಹಾಗಾದರೆ ಅಗೆಯುವವರು ಅರ್ಧ ಗಂಟೆ ಬೆವರು ಸುರಿಸುವುದೇಕೆ? ಮಣ್ಣಿನ ಅಂಟು ಬಿಡಿಸಲು, ಘರ್ಷಣೆ ಮೀರಲು, ಪ್ರತಿ ಪೆಟ್ಟಿಗೂ ಹಾರೆಯನ್ನು ಮತ್ತೆ ಎತ್ತಲು, ತಮ್ಮದೇ ದೇಹವನ್ನು ಬಗ್ಗಿಸಿ ಏಳಿಸಲು. ಮೇಲೆತ್ತಿದ ಕೆಲಸವನ್ನಷ್ಟೇ ಲೆಕ್ಕ ಹಾಕಿದ ವಿದ್ಯಾರ್ಥಿಗೆ ಉತ್ತರ ಸಿಕ್ಕಿತು, ದುಡಿಮೆ ಅರ್ಥವಾಗಲಿಲ್ಲ.

ಈಗ 6 ಕಿ.ಗ್ರಾಂ. ಹಾರೆ 60 ಸೆಂ.ಮೀ. ಎತ್ತರದಿಂದ ಬೀಳಲಿ. ಕೈಯ ತಳ್ಳುವಿಕೆಯನ್ನು ಬಿಟ್ಟರೂ ಅದರಲ್ಲಿ 35 ಜೂಲ್ ಶಕ್ತಿ ಇರುತ್ತದೆ. 2 ಸೆಂ.ಮೀ. ಇಳಿದು ನಿಂತರೆ ಮಣ್ಣಿನ ಸರಾಸರಿ ಪ್ರತಿರೋಧ ಸುಮಾರು 1,800 ನ್ಯೂಟನ್, ಮಣ್ಣು ಬಿರಿಯುತ್ತದೆ. ಹಸಿ ಎರೆಯಲ್ಲಿ 10 ಸೆಂ.ಮೀ. ಇಳಿದರೆ ಬಲ ಸುಮಾರು 400 ನ್ಯೂಟನಿಗೆ ಕುಸಿಯುತ್ತದೆ. ಮಣ್ಣು ಬಿರಿಯದು, ಹಾರೆಯೇ ಸಿಕ್ಕಿಕೊಳ್ಳುತ್ತದೆ. ಬಂಡೆಗೆ ತಾಗಿ 2 ಮಿ.ಮೀ.ಯಲ್ಲಿ ನಿಂತರೆ ಬಲ 17,000 ನ್ಯೂಟನ್ ದಾಟುತ್ತದೆ; ಆ ಆಘಾತದ ಪಾಲು ಹಿಡಿದವರ ಭುಜಕ್ಕೂ ಹೋಗುತ್ತದೆ. ಹಾರೆ ಒಂದೇ, ಎತ್ತರ ಒಂದೇ. ಫಲ ಮಾತ್ರ ಮೂರು.

ಅಗಲವೇ ಶತ್ರು

ಗುಂಡಿ ಆಳವಾದಂತೆ ಕಷ್ಟ ಬೇರೆಡೆಗೆ ಸರಿಯುತ್ತದೆ. ಕಡಿಯುವುದಕ್ಕಿಂತ ಕಡಿದ ಮಣ್ಣನ್ನು ಹೊರತೆಗೆಯುವುದು ಕಠಿಣ. ಸಲಿಕೆ ಓರೆಯಾಗಲು ಜಾಗ ಬೇಕು. ಆದ್ದರಿಂದ ಬಾಯಿ 45 ಸೆಂ.ಮೀ. ಆಗುತ್ತದೆ. ವ್ಯಾಸದ ಅನುಪಾತದ ವರ್ಗ 3.2, ಮಣ್ಣು 63ರ ಬದಲು 200 ಕಿ.ಗ್ರಾಂ. ಮೇಲಾಗುತ್ತದೆ. ನಷ್ಟ ಅಷ್ಟೇ ಅಲ್ಲ. ಕಂಬದ ಸುತ್ತ ಮರಳಿ ತುಂಬುವ ಸಡಿಲ ಮಣ್ಣೂ ಹೆಚ್ಚುತ್ತದೆ.

ತಂತಿ ಎಳೆದಾಗ ಕಂಬದ ಹೂತ ಭಾಗದ ಮೇಲರ್ಧ ಒಂದು ಕಡೆಗೆ, ಕೆಳತುದಿ ಎದುರು ಕಡೆಗೆ ಮಣ್ಣನ್ನು ಒತ್ತುತ್ತದೆ. ಆಳ ಹೆಚ್ಚಿದರೆ ಮಣ್ಣು ಕೊಡುವ ಬಲವೂ ಹೆಚ್ಚು, ಆ ಬಲದ ತೋಳೂ ಉದ್ದ. ಹೀಗಾಗಿ ಕಂಬದ ಸ್ಥಿರತೆ ಸ್ಥೂಲವಾಗಿ ಆಳದ ವರ್ಗದಂತೆ ಬೆಳೆಯುತ್ತದೆ. 45ರಿಂದ 75 ಸೆಂ.ಮೀ.ಗೆ ಹೋದರೆ ಸುಮಾರು 2.8 ಪಟ್ಟು. ಕಿರಿದಾದ, ಆಳವಾದ ಗುಂಡಿ ಬೇಕೆಂಬುದು ಇದಕ್ಕೇ.

ಯಾವ ನೆಲಕ್ಕೆ ಯಾವ ಹತಾರ?

ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆ ಹೊಲವಿದ್ದರೆ ತಿರುಪಿನಂತಿರುವ ಕೈಬೈರಿಗೆ ಉತ್ತಮ. ಅದು ಕಡಿಯುತ್ತದೆ, ಮಣ್ಣನ್ನೂ ಮೇಲೆ ತರುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕಪ್ಪು ಮಣ್ಣಿನ ಮನೆಗಳಿಗಾಗಿ ರೂಪಿಸಿದ, ಬುಡ ಅಗಲಿಸಿದ ಕಂಬದ ಅಡಿಪಾಯಕ್ಕೆ ಸಾಮಾನ್ಯವಾಗಿ 3.5 ಮೀಟರ್ ಆಳ ಬೇಕು. ಅಷ್ಟನ್ನೂ ಇಂಥ ಕೈಬೈರಿಗೆಯಿಂದಲೇ ಕೊರೆಯಬಹುದು. ಬೇಸಗೆಯಲ್ಲಿ ಅದೇ ಎರೆ ಇಟ್ಟಿಗೆಯಂತೆ ಗಟ್ಟಿ. ಆಗ ಹಾರೆಯಿಂದ ಗೇಣುದ್ದ ಕುಣಿ ಮಾಡಿ, ಹಿಂದಿನ ಸಂಜೆ ನೀರು ತುಂಬಿಸಿಡಿ. ಎರೆ ಹಿಗ್ಗಿ ಕುಗ್ಗುವುದರಿಂದ ಬಿರುಕು ಬಿಟ್ಟ ಮೇಲ್ಪದರ ಕಂಬಕ್ಕೆ ಆಸರೆಯಾಗದು. ಆಳ ಇನ್ನಷ್ಟು ಬೇಕು. ಕಂಬ ನಿಲ್ಲಿಸಿದ ಮೇಲೆ ಸುತ್ತ ಗರಸು ಹಾಕಿ ಪದರ ಪದರವಾಗಿ ದಿಮ್ಮಿಸಿ.

ದೇವದುರ್ಗದ ಕಡೆ ಬಂಡೆಗಳ ಅಂಚಿನ ಮಸಾರಿ ನೆಲದಲ್ಲಿ ಬೈರಿಗೆ ಕಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಅಲ್ಲಿ ಹಾರೆಯೇ ಸರಿ. ಮಣ್ಣು ತೆಗೆಯಲು ಎರಡು ಹಿಡಿಕೆಯ, ಇಕ್ಕಳದಂಥ ಸಲಿಕೆ ಇದ್ದರೆ ಬಾಯಿ ಅಗಲಿಸಬೇಕಿಲ್ಲ.

ಪೆಟ್ರೋಲ್ ಬೈರಿಗೆಯ ಲೆಕ್ಕವನ್ನೂ ನೋಡಿ. 1.5 ಕಿಲೋವಾಟ್ ಸಾಮರ್ಥ್ಯ ನಿಮಿಷಕ್ಕೆ 250 ಸುತ್ತಿನಲ್ಲಿ ಕೊಡುವ ತಿರುಚುಬಲ ಸುಮಾರು 57 ನ್ಯೂಟನ್-ಮೀಟರ್. ಹಿಡಿಕೆಗಳ ಅಂತರ 60 ಸೆಂ.ಮೀ. ಇದ್ದರೆ ಪ್ರತಿ ಕೈ ಸುಮಾರು 95 ನ್ಯೂಟನ್ ತಡೆಯಬೇಕು. ಅಲಗು ಕಲ್ಲಿಗೆ ಸಿಕ್ಕು ತಟ್ಟನೆ ನಿಂತಾಗ ಯಂತ್ರವೇ ತಿರುಗಲು ನೋಡುತ್ತದೆ. ಬಲ ಇದಕ್ಕಿಂತ ಹೆಚ್ಚು, ಅದೂ ಎಚ್ಚರಿಕೆಯಿಲ್ಲದೆ. ನಮ್ಮ ಹಿತ್ತಲಿಗೆ ಬಾಡಿಗೆ ತಂದ ಯಂತ್ರ ಮೂರನೆಯ ಗುಂಡಿಯಲ್ಲೇ ಹೀಗೆ ತಿರುಗಿ, ಹಿಡಿದಿದ್ದ ಹುಡುಗನ ಮಣಿಕಟ್ಟು ಉಳುಕಿತು. ಮಣ್ಣು ಪರೀಕ್ಷಿಸದೆ ಯಂತ್ರ ತಂದ ತಪ್ಪು ನನ್ನದು, ನೋವು ಅವನದು. ಊರೊಳಗೆ ನೀರಿನ ಕೊಳವೆ, ವಿದ್ಯುತ್ ಕೇಬಲ್ ಎಲ್ಲಿದೆ ಎಂದು ತಿಳಿಯದೆ ಯಾವ ಹತಾರವನ್ನೂ ಇಳಿಸಬಾರದು.

ಇನ್ನೊಂದು ಮಾತು. ಈ ಕೆಲಸಕ್ಕೆ ‘ಗುಂಡಿಗಿಷ್ಟು’ ಎಂದು ಕೂಲಿ ಗೊತ್ತುಮಾಡುವುದುಂಟು. ಹಸಿ ಎರೆಗೂ ಕಲ್ಲುನೆಲಕ್ಕೂ ಒಂದೇ ದರ ಕೊಟ್ಟರೆ ಅದು ಭೌತವಿಜ್ಞಾನಕ್ಕೂ ನ್ಯಾಯಕ್ಕೂ ಒಪ್ಪದ ಲೆಕ್ಕ.

ಶಿಕ್ಷಕರೇ, ಮುಂದಿನ ಸಲ ಈ ಪಾಠ ಮಾಡುವಾಗ ಮಕ್ಕಳನ್ನು ದೂರ ನಿಲ್ಲಿಸಿ, ಮೊನೆಯುಳ್ಳ ಒಂದೇ ಕಬ್ಬಿಣದ ಸರಳನ್ನು ಒಂದು ಮೀಟರ್ ಎತ್ತರದಿಂದ ಒಣ ಮರಳು, ಹಸಿ ಎರೆ, ಗರಸಿನ ಮೇಲೆ ನೀವೇ ಬೀಳಿಸಿ. ಅದು ಇಳಿದ ಆಳವನ್ನು ಮಕ್ಕಳು ಅಳೆಯಲಿ, ಸರಾಸರಿ ಬಲ ಕಂಡುಹಿಡಿಯಲಿ. ಹಾರೆ ಯಾವ ವರ್ಗದ ಸನ್ನೆ ಎಂದು ಆಮೇಲೆ ಕೇಳಿ. ‘ಯಾವ ಮಣ್ಣಿನಲ್ಲಿ, ಸಾರ್?’ ಎಂದು ಒಬ್ಬರಾದರೂ ಮರುಪ್ರಶ್ನಿಸಿದರೆ ಪಾಠ ಪೂರ್ಣವಾಯಿತು.